ಕ್ಷೌರದಂಗಡಿಯ ಹಿಂದಿನ ಮಣ್ಣು

ನಮ್ಮ ಕಚೋ ಅವರ ಮೂಗಿನ ಮೇಲೆ ಒಂದು ಕೆಂಪು ಗೆರೆ ಇತ್ತು. ಮಾಸ್ಕಿನೊಳಗಿನ ತಂತಿಯನ್ನು ಮಾತಿಗೊಮ್ಮೆ ಎರಡು ಬೆರಳಲ್ಲಿ ಒತ್ತಿ ಒತ್ತಿ ಆದ ಗೆರೆ. ಕೊರೋನಾದ ಮೊದಲ ಚಳಿಗಾಲದ ಹೊತ್ತಿಗೆ ಅದು ಅಲ್ಲಿ ಕಾಯಂ ಆಗಿಬಿಟ್ಟಿತ್ತು. ಊಟಕ್ಕೆಂದು ಮಾಸ್ಕ್ ತೆಗೆದರೂ ಹೋಗುತ್ತಿರಲಿಲ್ಲ. ಕುಳ್ಳಗೆ ತೆಳ್ಳಗಿದ್ದ ಹೆಂಗಸು, ಕಿವಿಯ ಕೆಳಗೆ ಸಮನಾಗಿ ಕತ್ತರಿಸಿದ ನರೆಗೂದಲು. ಬಿಸಿಲಿದ್ದರೂ ಕೈಯಲ್ಲಿ ಕೊಡೆ. ಬೆನ್ನಿನ ಚೀಲದಲ್ಲಿ ಒಂದು ಜೊತೆ ಒಣಗಿದ ಕಾಲುಚೀಲ, ಉಪ್ಪು ಸೇರಿಸಿದ ಪೆಪ್ಪರಮೆಂಟು, ಬ್ಯಾಂಡೇಜು, ಸೀಟಿ, ಯಾರದೋ ಅಳತೆಯ ರಬ್ಬರ್ ಬೂಟು. ಯಾರದು ಎಂದು ಕೇಳಿದರೆ, “ಯಾರಾದ್ರೂ ಮರೆತು ಬಂದ್ರೆ?” ಎನ್ನುತ್ತಿದ್ದರು.

ಕಚೋ ಎಂದರೆ ವಿಭಾಗದ ಮುಖ್ಯಸ್ಥೆ. ಜಪಾನಿನ ಆಫೀಸುಗಳಲ್ಲಿ ಮೇಲಿನವರನ್ನು ಹುದ್ದೆಯಿಂದಲೇ ಕರೆಯುವುದು ರೂಢಿ. ವರ್ಷಗಟ್ಟಲೆ ಅವರ ಕೈಕೆಳಗೆ ಕೆಲಸ ಮಾಡಿದರೂ ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುವಾಗಲೂ ಹಾಗೆ ಕರೆಯಲು ನಾಲಗೆ ಏಳುವುದಿಲ್ಲ. ಅವರು ಆಡಿದ್ದೆಲ್ಲ ಜಪಾನಿ ಭಾಷೆ. ಆದರೆ ನನ್ನ ತಲೆಯೊಳಗೆ ಆ ಮಾತುಗಳು ಅದು ಹೇಗೋ ಕನ್ನಡದಲ್ಲೇ ಉಳಿದುಕೊಂಡಿವೆ.

ನಾನು ಮೈಸೂರಿನಲ್ಲಿ ಭೂವಿಜ್ಞಾನ ಓದಿದವಳು. ಸೆಂಡಾಯ್‌ನಲ್ಲಿ ಡಾಕ್ಟರೇಟ್ ಮುಗಿಸಿ, ಮದುವೆಯಾಗಿ ಟೋಕಿಯೊದ ಪೂರ್ವ ತುದಿಯ ಫುನಾಬೊರಿಗೆ ಬಂದೆ. ಗಂಡ ಎಡೋಗಾವಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನಗೆ ಮಣ್ಣು ಮತ್ತು ಅಂತರ್ಜಲ ಪರೀಕ್ಷೆ ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ವರ್ಷ ವರ್ಷಕ್ಕೆ ಮುಂದುವರಿಸುವ ಕರಾರಿನ ಕೆಲಸ ಸಿಕ್ಕಿತು. ನನ್ನ ಪೂರ್ತಿ ಹೆಸರು ನಾಗರತ್ನ. ಅದನ್ನು ಹೇಳಲಾರದೆ ಆಫೀಸಿನವರೆಲ್ಲ ನಾಗ-ಸಾನ್, ಅಂದರೆ ‘ನಾಗ ಅವರು’, ಮಾಡಿಕೊಂಡರು.

ನಾನು ಸೇರಿದ ಮೇಲೆ ಬಂದ ದೊಡ್ಡ ಕೆಲಸವೆಂದರೆ ಟೋಕಿಯೊದ ಪಶ್ಚಿಮಕ್ಕಿದ್ದ ಒಂದು ಹಳೆಯ ಸೇನಾ ನೆಲೆ. ಯುದ್ಧ ಮುಗಿದಾಗಿನಿಂದ ಅಮೆರಿಕದ ಸೈನ್ಯದ ಕೈಯಲ್ಲಿದ್ದು, ಕೊನೆಗೆ ಮುಚ್ಚಿ, ಜಾಗ ವಾಪಸು ಬಂದಿತ್ತು. ಬೇಲಿಯೊಳಗೆ ಆಳೆತ್ತರದ ಹುಲ್ಲು, ಬಾಗಿಲಿಲ್ಲದ ಕಟ್ಟಡಗಳು, ಎಲ್ಲಿಗೂ ಹೋಗದ ರಸ್ತೆಗಳು. ಅಲ್ಲಿ ಪಾರ್ಕು ಆಗಬೇಕು, ಭೂಕಂಪವಾದರೆ ಜನ ಬಂದು ಸೇರಲು ಬಯಲು ಆಗಬೇಕು, ಎಲ್ಲಕ್ಕಿಂತ ಮೊದಲು ಉತ್ತರದ ಮೂಲೆಯಲ್ಲಿ ಒಂದು ಶಿಶುವಿಹಾರ ಆಗಬೇಕು ಎಂದು ನಗರಸಭೆ ತೀರ್ಮಾನಿಸಿತ್ತು. ಅದಕ್ಕೆ ಮುಂಚೆ ಪರಿಸರ ಪರಿಶೀಲನೆ ನಡೆಯಬೇಕು. ಅಂದರೆ ಅಷ್ಟು ವರ್ಷ ಅಲ್ಲಿ ಏನೇನು ನಡೆಯಿತು, ನೆಲಕ್ಕೆ ಏನೇನು ಇಳಿಯಿತು, ಅದರಲ್ಲಿ ಯಾವುದು ನಾಳೆ ಮಕ್ಕಳ ಕೈಗೆ ಬಾಯಿಗೆ ಬರಬಹುದು ಎಂದು ನೋಡಿ, ಒಬ್ಬರು ಎದೆ ಮುಟ್ಟಿಕೊಂಡು ‘ಈ ಮಣ್ಣು ಸರಿಯಿದೆ’ ಎನ್ನಬೇಕು. ಆ ಒಬ್ಬರು ನಮ್ಮ ಕಚೋ.

ಅವರ ಕಸುಬು ಮಣ್ಣು, ಹವ್ಯಾಸ ಚಿಂತೆ ಎಂದು ನಾನು ಮನೆಯಲ್ಲಿ ಹೇಳಿ ನಗುತ್ತಿದ್ದೆ. ನನ್ನ ಗಂಡ ಸಂಜೆ ಬಾಗಿಲು ತೆಗೆಯುವಾಗಲೇ, “ಏನಂತಾರೆ ನಿಮ್ಮ ಚಿಂತಾಮಣಿ?” ಎನ್ನುತ್ತಿದ್ದರು. ನಗದೆ ಇನ್ನೇನು ಮಾಡುವುದು? ಆ ದಿನಗಳಲ್ಲಿ ನಾವು ಬೆಳಿಗ್ಗೆ ಎದ್ದ ಕೂಡಲೇ ಮೈಬಿಸಿ ನೋಡಿ ಆಫೀಸಿಗೆ ಕಳಿಸಬೇಕಿತ್ತು. ಒಂದು ದಿನ ಕಳಿಸಿ ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಫೋನು.

“ನಾಗ-ಸಾನ್, ಮೂವತ್ತಾರು ಪಾಯಿಂಟ್ ಒಂಬತ್ತು ಅಂತ ಹಾಕಿದ್ದೀರಿ.”

“ಹೌದು ಕಚೋ. ಜ್ವರ ಅಲ್ವಲ್ಲ.”

“ಜ್ವರ ಅಲ್ಲ. ಆದ್ರೆ ನಿನ್ನೆ ಇಷ್ಟಿರಲಿಲ್ಲ. ಇನ್ನೊಂದ್ಸಲ ನೋಡಿಬಿಡಿ, ನಾನು ಫೋನ್ ಹಿಡ್ಕೊಂಡಿರ್ತೀನಿ.”

ಹಿಡಿದುಕೊಂಡೇ ಇದ್ದರು. ಹಾಲು ಉಕ್ಕಿತು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಮೊದಲಿನಿಂದಲೂ ಹಾಗೆಯೇ. ಅವತ್ತು ಆಫೀಸಿಗೆ ಹೋದವಳೇ ಹೇಳಿಬಿಟ್ಟೆ: “ಕಚೋ, ಹೀಗೆ ಎಲ್ಲದಕ್ಕೂ ಚಿಂತೆ ಮಾಡಿದ್ರೆ ನಿಮ್ಮ ಆರೋಗ್ಯ ಕೆಡುತ್ತೆ.” ಜಪಾನಿನಲ್ಲಿ ಮೇಲಿನವರಿಗೆ ಹಾಗೆಲ್ಲ ಹೇಳುವುದಿಲ್ಲ. ಪಕ್ಕದ ಮೇಜಿನವರು ಕೀಲಿಮಣೆ ಒತ್ತುವುದನ್ನು ನಿಲ್ಲಿಸಿದರು. ಕಚೋ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ.

“ಚಿಂತೆ ಮಾಡೋದೂ ಈ ಕೆಲಸದಲ್ಲೇ ಸೇರಿದೆ. ಆ ನೆಲದ ಮೇಲೆ ಮಕ್ಕಳು ಆಡ್ತಾರೆ. ಅವರ ಅಪ್ಪ ಅಮ್ಮ ನಿಶ್ಚಿಂತೆಯಾಗಿರಬೇಕು ಅಂದ್ರೆ, ಆ ಚಿಂತೇನ ಅವರಿಗಿಂತ ಮೊದಲು ಯಾರಾದ್ರೂ ಮಾಡಿ ಮುಗಿಸಿರಬೇಕಲ್ಲ?” ಎಂದು ಮಾಸ್ಕಿನ ತಂತಿ ಒತ್ತಿಕೊಂಡರು.

ಅವರದೊಂದು ಕೆಲಸದ ಕ್ರಮವಿತ್ತು. ಯಾವ ಜಾಗದ ಪರೀಕ್ಷೆಯೇ ಇರಲಿ, ಯಂತ್ರ ತರುವ ಮುಂಚೆ, ಹಿಂದೆ ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ ಕರೆತಂದು ಅದೇ ನೆಲದ ಮೇಲೆ ನಡೆಸುತ್ತಿದ್ದರು. ಕೂತು ಕೇಳುತ್ತಿರಲಿಲ್ಲ. ಹಿಂದೊಮ್ಮೆ ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಮುದುಕರೊಬ್ಬರು ಆಫೀಸಿನಲ್ಲಿ ಟೀ ಕುಡಿಯುತ್ತ, ತಮಗೆ ಏನೂ ನೆನಪಿಲ್ಲವೆಂದು ಕೈ ಆಡಿಸಿದ್ದರು. ಅವರನ್ನೇ ಬಯಲಿಗೆ ಕರೆದುಕೊಂಡು ಹೋದಾಗ ತಾವಾಗಿ ನಡೆದು ಒಂದು ಕಡೆ ನಿಂತು, “ಇಲ್ಲಿ ಚರಂಡಿ ಇತ್ತು, ದಾಟಿ ಹೋಗ್ತಿದ್ದೆ” ಎಂದು ಕಾಲೆತ್ತಿ ತೋರಿಸಿದರಂತೆ. ಆ ಕತೆಯನ್ನು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದರು. ಕೊನೆಗೆ “ನೆನಪು ಕಾಲಲ್ಲಿರುತ್ತೆ” ಎಂದು ಸೇರಿಸುತ್ತಿದ್ದರು.

ಸೇನಾ ನೆಲೆಯಲ್ಲಿ ದುಡಿದ ಜಪಾನಿಗಳಲ್ಲಿ ಬದುಕಿದ್ದವರು ಕಡಿಮೆ. ಹುಡುಕಿ ಹುಡುಕಿ ಒಬ್ಬ ಅಜ್ಜಿ ಸಿಕ್ಕರು. ಹುಡುಗಿಯಾಗಿದ್ದಾಗ ಅವರು ನೆಲೆಯೊಳಗಿನ ಕ್ಷೌರದಂಗಡಿಯಲ್ಲಿ ಟವೆಲು ಒಗೆಯುವ ಕೆಲಸಕ್ಕಿದ್ದರು. ಈಗ ಒಂದು ವೃದ್ಧಾಶ್ರಮದಲ್ಲಿದ್ದರು. ಕೊರೋನಾ ಬಂದಾಗಿನಿಂದ ಆ ಆಶ್ರಮದೊಳಗೆ ಸ್ವಂತ ಮಕ್ಕಳನ್ನೂ ಬಿಡುತ್ತಿರಲಿಲ್ಲ, ಒಳಗಿನವರನ್ನು ಹೊರಗೆ ಕಳಿಸುತ್ತಲೂ ಇರಲಿಲ್ಲ. ಕಚೋ ಕಾದರು. ಸರ್ಕಾರ ಕೊರೋನಾಕ್ಕೆಂದು ಹೇರಿದ್ದ ತುರ್ತು ಪರಿಸ್ಥಿತಿ ಮುಗಿಯಲಿ ಎಂದು ಕಾದರು, ಅದು ಮುಂದಕ್ಕೆ ಹೋಯಿತು. ಮತ್ತೆ ಕಾದರು, ಮತ್ತೆ ಮುಂದಕ್ಕೆ ಹೋಯಿತು. ನಗರಸಭೆಯ ಅಧಿಕಾರಿ ದಿನ ಬಿಟ್ಟು ದಿನ ಫೋನ್ ಮಾಡತೊಡಗಿದರು. ಸಿದ್ಧ ಗೋಡೆಗಳನ್ನು ತಂದು ಜೋಡಿಸಿ ಬರುವ ವಸಂತಕ್ಕೇ ಶಿಶುವಿಹಾರ ಶುರು ಮಾಡುತ್ತೇವೆಂದು ಊರಿಗೆಲ್ಲ ಹೇಳಿಯಾಗಿತ್ತು. ಕೊನೆಗೆ ಕಚೋ ಎಂದೂ ಮಾಡದ ಕೆಲಸ ಮಾಡಿದರು. ಫೋನಿನಲ್ಲೇ ಕೇಳುವುದೆಂದು ಒಪ್ಪಿಕೊಂಡರು. ನೆಲೆಯ ನಕಾಶೆಯಲ್ಲಿ ಕ್ಷೌರದಂಗಡಿಗೆ ದಪ್ಪ ಸುತ್ತು ಹಾಕಿ, ಆಶ್ರಮಕ್ಕೆ ಫ್ಯಾಕ್ಸ್ ಮಾಡಿಸಿದರು. ಈ ದೇಶದಲ್ಲಿ ಫ್ಯಾಕ್ಸಿಗೆ ಇನ್ನೂ ಸಾವಿಲ್ಲ.

ನಾನು ಪಕ್ಕದಲ್ಲೇ ಕೂತಿದ್ದೆ. ಅಜ್ಜಿಯ ದನಿ ಸ್ಪೀಕರಿನಿಂದ ಸಣ್ಣಗೆ ಬರುತ್ತಿತ್ತು.

“ಬೆಂಕಿ ಆರಿಸೋದು ಅಭ್ಯಾಸ ಮಾಡ್ತಿದ್ರು. ಗುಂಡೀಲಿ ಹಳೇ ಎಣ್ಣೆ ಸುರಿದು ಹಚ್ಚೋದು, ಆಮೇಲೆ ನೊರೆ ಹೊಡೆದು ಆರಿಸೋದು. ನಮ್ಮಂಗಡಿ ಹಿಂದುಗಡೇನೇ. ನಾನು ಒಣಹಾಕಿದ ಟವೆಲ್ಲೆಲ್ಲ ಕಪ್ಪಾಗಿ, ಮತ್ತೆ ಒಗೀಬೇಕಾಗ್ತಿತ್ತು.”

ಕಚೋ ಕುರ್ಚಿಯ ತುದಿಗೆ ಬಂದರು. ಎಣ್ಣೆ, ಸೀಸ, ನೊರೆಯ ರಾಸಾಯನಿಕ. ಮಕ್ಕಳು ಆಡುವ ನೆಲದಲ್ಲಿ ಇರಬಾರದ್ದೆಲ್ಲ ಆ ಗುಂಡಿಯಲ್ಲಿರಬೇಕು. “ನಾವು ಕಳಿಸಿದ ನಕಾಶೆ ನೋಡಿದ್ರಾ? ಸುತ್ತು ಹಾಕಿರೋದು ನಿಮ್ಮ ಅಂಗಡೀನೇ ತಾನೆ?” ಎಂದು ಕೇಳಿದರು.

ಆ ಕಡೆ ಸ್ವಲ್ಪ ಹೊತ್ತು ಕಾಗದದ ಸದ್ದು. ಆಮೇಲೆ ಅಜ್ಜಿ, “ನೀವು ಇಷ್ಟೆಲ್ಲ ಹುಡುಕಿ ಗುರುತು ಮಾಡಿದ್ದೀರಿ. ಸರಿಯಾಗೇ ಇರುತ್ತೆ. ಎಷ್ಟು ತೊಂದರೆ ತಗೊಂಡಿದ್ದೀರಿ, ಸುಮಿಮಾಸೆನ್” ಎಂದರು. ತೊಂದರೆಗೆ ಕ್ಷಮಿಸಿ ಎಂದು.

ನಮ್ಮ ಮೈಸೂರಿನ ಅಜ್ಜಿಯಾಗಿದ್ದರೆ, “ಇದೇನಮ್ಮಾ ಇದು, ಒಂದಕ್ಷರ ಕಾಣ್ಸಲ್ಲ, ಕನ್ನಡಕ ಎಲ್ಲಿಟ್ಟಿದ್ದೀರಿ” ಎಂದು ಆಶ್ರಮವನ್ನೇ ತಲೆಕೆಳಗು ಮಾಡುತ್ತಿತ್ತು. ಇಲ್ಲಿ ಹಾಗಲ್ಲ. ಇನ್ನೊಬ್ಬರು ಶ್ರಮಪಟ್ಟು ಮಾಡಿದ್ದು ‘ನನಗೆ ಕಾಣುವುದಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿದರೆ ಅವರಿಗೆ ತೊಂದರೆ ಕೊಟ್ಟಂತೆ. ತೊಂದರೆ ಕೊಡುವುದಕ್ಕಿಂತ ಸುಮ್ಮನೆ ಒಪ್ಪಿಕೊಳ್ಳುವುದೇ ಮರ್ಯಾದೆ. ಕಚೋಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಫೋನಿಟ್ಟವರೇ ಬೆರಳನ್ನು ಮೂಗಿಗೆ ಒಯ್ದರು. “ಅವರ ಕಾಲು ಆ ನೆಲದ ಮೇಲಿರಲಿಲ್ಲ” ಎಂದರು. ನಕಾಶೆ ಇದೆಯಲ್ಲ ಎಂದು ನಾನು ಸಮಾಧಾನ ಹೇಳಿದೆ. ಅರೆಮನಸ್ಸಿನಲ್ಲಿ ಹೂಂ ಎಂದು ತಲೆ ಆಡಿಸಿದರು.

ನಕಾಶೆಯ ಕ್ಷೌರದಂಗಡಿ ದಕ್ಷಿಣದ ದೊಡ್ಡ ಗೇಟಿನ ಹತ್ತಿರವಿತ್ತು. ಅದರ ಹಿಂದೆ ಕೊಳವೆ ಇಳಿಸಿ ಆಳದಿಂದ ಮಣ್ಣು ತೆಗೆದೆವು. ಶುದ್ಧವಾಗಿತ್ತು. ಅಕ್ಕಪಕ್ಕ ತೆಗೆದೆವು, ಅದೂ ಶುದ್ಧ. ಶಿಶುವಿಹಾರದ ಉತ್ತರ ಮೂಲೆಯಲ್ಲಿ ಎಲ್ಲ ನಕಾಶೆಗಳೂ ಹುಲ್ಲುಹಾಸು ಎಂದೇ ತೋರಿಸುತ್ತಿದ್ದವು. ಹುಲ್ಲುಹಾಸಿಗೆ ನಿಯಮದ ಪ್ರಕಾರ ಮೇಲ್ಮಣ್ಣು ನೋಡಿದರೆ ಸಾಕು. ನೋಡಿದೆವು, ಚೆನ್ನಾಗಿತ್ತು. ಎಲ್ಲರಿಗೂ ಸಂತೋಷ. ಗುಂಡಿಯನ್ನು ಸೈನ್ಯದವರೇ ಎಂದೋ ಅಗೆದು ಸಾಗಿಸಿರಬೇಕು ಎಂದು ನಗರಸಭೆಯವರು ಹೇಳಿದರು. ಕಚೋ ಮಾತ್ರ ಸಂತೋಷಪಡಲಿಲ್ಲ. ಅವರು ಯಾವುದಕ್ಕೆ ತಾನೇ ಸಂತೋಷಪಟ್ಟಿದ್ದರು ಎಂದು ನಾನು ಅದನ್ನೂ ಗೇಲಿ ಮಾಡಿದೆ.

ಅದೇ ಸಮಯಕ್ಕೆ ಅತ್ತ ನಮ್ಮೂರಿನಲ್ಲಿ ಕೊರೋನಾದ ಎರಡನೆಯ ಅಲೆ ಬಂತು. ವಾಟ್ಸ್ಆ್ಯಪ್ ತೆರೆಯಲು ಭಯವಾಗುತ್ತಿದ್ದ ದಿನಗಳು. ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಮೊದಲೇ ತೀರಿಕೊಂಡರು. ಹೋಗುವಂತಿರಲಿಲ್ಲ, ಹೋದರೆ ವಾಪಸು ಬಿಡುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಆಫೀಸಿಗೆ ಎರಡು ದಿನ ಬರುವುದಿಲ್ಲವೆಂದಷ್ಟೇ ತಿಳಿಸಿದ್ದೆ. ಮರುದಿನ ಬೆಳಿಗ್ಗೆ ನಮ್ಮ ಫ್ಲ್ಯಾಟಿನ ಬಾಗಿಲ ಹಿಡಿಯಲ್ಲಿ ಒಂದು ಚೀಲ ನೇತಾಡುತ್ತಿತ್ತು. ಕಿತ್ತಳೆ, ಮೂಲಂಗಿ, ನಮ್ಮ ಪುಟ್ಟ ಮಗಳಿಗೆ ಬಣ್ಣದ ಕಾಗದ. ಬೆಲ್ ಒತ್ತಿರಲಿಲ್ಲ. ಬಾಲ್ಕನಿಗೆ ಓಡಿ ಇಣುಕಿದೆ. ಬಿಸಿಲಿನಲ್ಲಿ ಕೊಡೆ ಹಿಡಿದು ಸ್ಟೇಷನ್ ಕಡೆಗೆ ಹೋಗುತ್ತಿದ್ದರು. ಅವರ ಮನೆಯಿಂದ ನಮ್ಮ ಮನೆಗೆ ರೈಲಿನಲ್ಲಿ ಟೋಕಿಯೊವನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು, ರೈಲೆಂದರೆ ಅವರಿಗೆ ಆಗ ಪ್ರಾಣಭಯ. ನಾನು ಅಲ್ಲೇ ನಿಂತು ಅತ್ತೆ. ದೊಡ್ಡಮ್ಮನಿಗಾಗಿ ಅದುವರೆಗೆ ಅಳು ಬಂದಿರಲಿಲ್ಲ.

ವರದಿ ಹೋಯಿತು. ನಗರಸಭೆ ಅದನ್ನು ಜನರು ನೋಡಲೆಂದು ಹೊರಗಿಟ್ಟಿತು. ಶರತ್ಕಾಲದಲ್ಲಿ ತುರ್ತು ಪರಿಸ್ಥಿತಿ ತೆರವಾಗಿ, ಆಶ್ರಮದವರು ಗಾಜಿನ ಆಚೆಯಿಂದ ಭೇಟಿಗೆ ಬಿಡತೊಡಗಿದರು. ಒಬ್ಬರಿಂದ ಸಹಾಯ ಪಡೆದ ಮೇಲೆ ಸಿಹಿಯ ಪೊಟ್ಟಣ ಹಿಡಿದು ಹೋಗಿ ವಂದಿಸಿ ಬರುವುದು ಇಲ್ಲಿನ ಪದ್ಧತಿ. ಕೆಲಸವೇ ಮುಗಿದಿರುವಾಗ ಇನ್ನೇಕೆ ಎಂದು ನನಗೆ. ಕಚೋ ಬಿಡಲಿಲ್ಲ. ಕಾಳಿನ ಹೂರಣ ತುಂಬಿದ ಸಿಹಿ ಕೊಂಡು, ನನ್ನನ್ನೂ ಕರೆದುಕೊಂಡು ಹೊರಟರು.

ಅಜ್ಜಿ ಗಾಲಿಕುರ್ಚಿಯಲ್ಲಿ ಗಾಜಿನ ಆಚೆ ಕೂತಿದ್ದರು. ಮೈಕಿನಲ್ಲಿ ಮಾತು. ಕಚೋ ಸೊಂಟ ಬಗ್ಗಿಸಿ ವಂದಿಸಿದರು. ಚಳಿ, ಊಟ, ಮೊಮ್ಮಕ್ಕಳು ಎಂದು ಮಾತು ಸುತ್ತಾಡಿತು. ಭಾರತದವಳೆಂದು ನನ್ನನ್ನು ನೋಡಿ ಅಜ್ಜಿಗೆ ಹಿಗ್ಗು. ಕ್ಷೌರದಂಗಡಿಯಲ್ಲಿ ಎಂಥೆಂಥ ಬಣ್ಣದ ಕೂದಲು ಗುಡಿಸುತ್ತಿದ್ದೆ ಗೊತ್ತೇ ಎಂದು ಶುರು ಮಾಡಿದರು.

“ಆ ಹಿಂದಿನ ಕಿಟಕೀಲಿ ಫುಜಿ ಬೆಟ್ಟ ಕಾಣ್ತಿತ್ತು. ಚಳಿಗಾಲದಲ್ಲಿ ಎಷ್ಟು ಚೆನ್ನಾಗಿ! ಅಭ್ಯಾಸದ ದಿನ ಮಾತ್ರ ಹೊಗೇಲಿ ಫುಜಿ ಮುಚ್ಚಿಹೋಗೋದು. ಕೂದಲು ಕತ್ತರಿಸಿಕೊಳ್ಳೋಕೆ ಬಂದ ಸೈನಿಕರು ಬೈಕೊಳ್ಳೋರು.”

ನಾನು ನಗುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಕಚೋ ನಗುತ್ತಿರಲಿಲ್ಲ.

“ಕಿಟಕಿ ಎದುರಿಗೆ ದೊಡ್ಡ ಗೋದಾಮು ಇರಲಿಲ್ವಾ?” ಎಂದರು. ನಾವು ಅಗೆದ ಅಂಗಡಿಯ ಪಶ್ಚಿಮಕ್ಕೆ, ಫುಜಿ ಇರುವ ದಿಕ್ಕಿಗೇ, ಆಕಾಶ ಮುಚ್ಚುವಂಥ ಗೋದಾಮಿತ್ತು. ಅಲ್ಲಿ ನಿಂತವರಿಗೆ ಫುಜಿ ಕಾಣುವುದು ಸಾಧ್ಯವೇ ಇಲ್ಲ.

“ಗೋದಾಮು ಇರೋದು ಗೇಟಿನ ಹತ್ರ ಅಲ್ವಾ? ಅಂಗಡೀನ ಅಲ್ಲಿಗೆ ಸಾಗಿಸಿದ್ದು ಆಮೇಲೆ. ಅಷ್ಟರಲ್ಲಿ ನಾನು ಮದುವೆಯಾಗಿ ಕೆಲಸ ಬಿಟ್ಟಿದ್ದೆ. ನಾನಿದ್ದಾಗ ಅಂಗಡಿ ಆ ತುದೀಲಿತ್ತು, ಉತ್ತರಕ್ಕೆ. ಮರದ ಶೆಡ್ಡು.” ಅಜ್ಜಿ ಕಚೋರ ಮುಖ ನೋಡಿ ಹೆದರಿದರು. “ನಾನೇನಾದ್ರೂ ತಪ್ಪು ಹೇಳಿದ್ನಾ? ಅವತ್ತು ಆ ಕಾಗದದ ಅಕ್ಷರ ನನಗೆ ಕಾಣಿಸಲಿಲ್ಲ...”

“ಇಲ್ಲ, ಇಲ್ಲ. ತುಂಬಾ ಉಪಕಾರ ಮಾಡಿದ್ರಿ” ಎಂದು ಕಚೋ ಮತ್ತೆ ಬಗ್ಗಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

ಉತ್ತರದ ತುದಿ ಎಂದರೆ ಶಿಶುವಿಹಾರ. ನಾವು ಮೇಲ್ಮಣ್ಣು ಕೆರೆದು ‘ಚೆನ್ನಾಗಿದೆ’ ಎಂದು ಬರೆದುಕೊಟ್ಟ ಜಾಗ. ಮೇಲೆ ಹೊಸ ಮಣ್ಣು ತುಂಬಿ ಹುಲ್ಲು ಬೆಳೆಸಿದ್ದರೆ ಕೆಳಗಿನ ಗುಂಡಿ ನಮಗೆ ಸಿಗುವುದಾದರೂ ಹೇಗೆ? ಸ್ಟೇಷನ್ನಿಗೆ ನಡೆಯುವಾಗ ನಾನು ಇದನ್ನೇ ಬಡಬಡಿಸುತ್ತಿದ್ದೆ. ವಿಚಿತ್ರವೆಂದರೆ ಕಚೋ ಶಾಂತವಾಗಿದ್ದರು. ಸುಮ್ಮಸುಮ್ಮನೆ ಹೌಹಾರುತ್ತಿದ್ದ ಆ ಹೆಂಗಸು, ನಿಜವಾಗಿ ಹೌಹಾರಬೇಕಾದ ದಿನ ಒಮ್ಮೆಯೂ ಮೂಗು ಮುಟ್ಟಿಕೊಳ್ಳಲಿಲ್ಲ. “ನಾವು ಅಗೆದದ್ದು ಹೊಸ ಅಂಗಡಿ ಹಿಂದೆ” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಫೋನಲ್ಲಿ ಕೇಳಬಾರದಿತ್ತು. ನನಗೆ ಗೊತ್ತಿತ್ತು, ಆದ್ರೂ ಕೇಳಿದೆ” ಎಂದರು. ಅಷ್ಟೇ.

ಮತ್ತೆ ಅಗೆಯಬೇಕೆಂದು ಕಚೋ ಹೇಳಿದಾಗ ಕಂಪನಿಯ ಯಜಮಾನರಿಗೆ ಸಿಟ್ಟು ಬಂತು. ಅವರು ಕೆಟ್ಟವರಲ್ಲ, ಹೆದರಿದವರು. ನಗರಸಭೆಯೇ ನಮ್ಮ ದೊಡ್ಡ ಗಿರಾಕಿ. “ವರದಿ ಒಪ್ಪಿಯಾಗಿದೆ. ಯಾರೂ ಪ್ರಶ್ನೆ ಎತ್ತಿಲ್ಲ. ಅಷ್ಟು ವಯಸ್ಸಾದ ಅಜ್ಜಿ ಏನೋ ಅಂದ್ರು ಅಂತ ಎಲ್ಲ ನಿಲ್ಲಿಸೋದಾ?” ಎಂದರು.

“ಅದೇ ಅಜ್ಜಿ ಮಾತು ನಂಬಿ ನಾವು ಒಂದು ಕಡೆ ಅಗೆದಿದ್ದೀವಿ. ಆ ಮಾತನ್ನ ಇನ್ನೊಂದು ಕಡೆಗೆ ಮಾತ್ರ ನಂಬಬಾರದಾ?” ಎಂದು ಕಚೋ ಕೇಳಿದರು. ಯಜಮಾನರು ಯೋಚಿಸೋಣ ಎಂದರು. ನಗರಸಭೆಯ ಅಧಿಕಾರಿಯೂ ಇನ್ನಷ್ಟು ಯೋಚಿಸೋಣ ಎಂದರು. ಇಲ್ಲಿ ಯಾರಾದರೂ ಯೋಚಿಸೋಣ ಎಂದರೆ ಆಗುವುದಿಲ್ಲ ಎಂದೇ ಲೆಕ್ಕ. ಊರಿನವರಿಗೆ ವಿವರ ಹೇಳುವ ಸಭೆ ಹತ್ತಿರ ಬರುತ್ತಿತ್ತು. ಅಲ್ಲಿ ತಾನೇ ಹೇಳುತ್ತೇನೆಂದು ಕಚೋ ಇಬ್ಬರಿಗೂ ಮೊದಲೇ ತಿಳಿಸಿದರು. ನನ್ನನ್ನು ಕರೆದು, “ನೀವು ಅವತ್ತು ಬರಬೇಡಿ. ನಿಮ್ಮ ಕರಾರು ಮಾರ್ಚಿಗೆ ಮುಗಿಯುತ್ತೆ” ಎಂದರು.

ಅದು ನನಗೂ ಗೊತ್ತಿತ್ತು. ಕರಾರು ಹೋದರೆ ವೀಸಾದ ತಲೆನೋವು, ಆ ಕಾಲದಲ್ಲಿ ಬೇರೆ ಕೆಲಸ ಸಿಗುವ ಭರವಸೆ ಇಲ್ಲ. ಮನೆಗೆ ಹೋಗಿ ಗಂಡನ ಹತ್ತಿರ ಕೂಗಾಡಿದೆ.

“ಅವರಿಗೇನ್ರೀ, ರಿಟೈರ್ ಆಗೋ ವಯಸ್ಸು. ಸುಮ್ನೆ ಇದ್ದಿದ್ರೆ ಏನಾಗ್ತಿತ್ತು? ಆ ಗುಂಡಿ ಅಲ್ಲಿದೆ ಅಂತ ಪ್ರೂಫ್ ಎಲ್ಲಿದೆ?”

ಅವರು ಆನ್‌ಲೈನ್ ಕ್ಲಾಸಿನ ಲ್ಯಾಪ್‌ಟಾಪ್ ಮುಚ್ಚಿದರು. “ಇಲ್ಲ ಅಂತ ಪ್ರೂಫ್ ಇದ್ಯಾ?”

“ಇಲ್ಲ.”

“ಹಾಗಾದ್ರೆ ಇವಳನ್ನ ಆ ಸ್ಕೂಲಿಗೆ ಕಳಿಸ್ತೀಯಾ?” ಎಂದು ಮಗಳ ಕಡೆ ತೋರಿಸಿದರು. ನೆಲದ ಮೇಲೆ ಕಾಗದ ಮಡಿಸುತ್ತಿದ್ದ ಅವಳು ನನ್ನ ಮುಖ ನೋಡಿ, “ಅಮ್ಮಾ, ದೈಜೋಬು?” ಎಂದಳು. ಸರಿಯಿದ್ದೀಯಾ ಎಂದು.

ಸಭೆಗೆ ಹೋದೆ. ಶಾಲೆಯೊಂದರ ಆಟದ ಹಾಲು, ದೂರ ದೂರ ಇಟ್ಟ ಕುರ್ಚಿಗಳು, ಚಳಿಯಲ್ಲಿ ತೆರೆದಿಟ್ಟ ಕಿಟಕಿಗಳು. ಜನ ಕೋಟು ತೆಗೆಯದೆ ಕೂತಿದ್ದರು. ಒಬ್ಬೊಬ್ಬರು ಮಾತಾಡಿದ ಮೇಲೂ ಮೈಕನ್ನು ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದರು. ಹಿಂದಿನ ಸಾಲಿನಲ್ಲಿ ನನ್ನನ್ನು ಕಂಡ ಕಚೋರ ಹುಬ್ಬು ಗಂಟಿಕ್ಕಿತು. ಅಧಿಕಾರಿ ಮಾತು ಮುಗಿಸಿ ಮೈಕು ಕೊಟ್ಟರು.

“ನಾವು ತಪ್ಪು ಜಾಗ ಅಗೆದಿದ್ದೇವೆ. ಶಿಶುವಿಹಾರದ ನೆಲ ಶುದ್ಧವಾಗಿದೆ ಎಂದು ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಮತ್ತೆ ಅಗೆದು ನೋಡುವವರೆಗೆ ದಯವಿಟ್ಟು ಅಲ್ಲಿ ಏನೂ ಕಟ್ಟಬೇಡಿ. ತಪ್ಪು ನನ್ನದು.” ಹೇಳಿ ಬಗ್ಗಿದರು.

ಮಗುವನ್ನು ಎದೆಗೆ ಕಟ್ಟಿಕೊಂಡಿದ್ದ ಒಬ್ಬ ತಾಯಿ ಎದ್ದು ನಿಂತಳು. ಮೈಕಿಗೆ ಕಾಯಲೇ ಇಲ್ಲ. “ವಸಂತಕ್ಕೆ ಸೀಟು ಸಿಗುತ್ತೆ ಅಂತ ನಂಬಿ ಕೆಲಸ ಬಿಡದೆ ಒದ್ದಾಡ್ತಿದ್ದೀನಿ. ಇವನನ್ನ ಎಲ್ಲಿ ಬಿಡ್ಲಿ? ಯಾವಾಗ ಆಗುತ್ತೆ ಹೇಳಿ!”

“ಗೊತ್ತಿಲ್ಲ” ಎಂದರು ಕಚೋ.

“ಗೊತ್ತಿಲ್ಲ ಅನ್ನೋಕೆ ಬಂದ್ರಾ ಇಲ್ಲಿಗೆ?”

“ಹೌದು. ಗೊತ್ತಿಲ್ಲದೆ ಗೊತ್ತಿದೆ ಎಂದು ಬರೆದಿದ್ದೆ. ಕ್ಷಮಿಸಿ.”

ಆ ತಾಯಿ ಅಳುತ್ತ ಹೊರಗೆ ಹೋದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಭೇಷ್ ಎನ್ನಲಿಲ್ಲ. ಕಚೋ ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ನನಗೆ ಎದ್ದು ಹೋಗಿ ಆ ಕೈ ಹಿಡಿದುಕೊಳ್ಳಬೇಕೆನಿಸಿತು. ಆಗ ಯಾರ ಕೈಯನ್ನೂ ಯಾರೂ ಹಿಡಿಯುವಂತಿರಲಿಲ್ಲ.

ಸಭೆಯಲ್ಲಿ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ಯಂತ್ರ ಮತ್ತೆ ಬಂತು. ಈ ಸಲ ಅಜ್ಜಿಯನ್ನು ಆಶ್ರಮದ ವ್ಯಾನಿನಲ್ಲಿ ಕರೆತಂದರು. ಗಾಲಿಕುರ್ಚಿ ಹುಲ್ಲಿನಲ್ಲಿ ಹೂತುಕೊಂಡಾಗ ನಾನೂ ಕಚೋರೂ ಆಚೆ ಈಚೆ ಹಿಡಿದು ಎತ್ತಿದೆವು. ಅಜ್ಜಿ ಫುಜಿಯ ಕಡೆ ಮುಖ ಮಾಡಿ ಬಹಳ ಹೊತ್ತು ನೋಡಿ, ಬೆರಳು ಚಾಚಿದರು. ಕೊಳವೆ ಇಳಿಯಿತು. ಮೊದಲು ಬಂದದ್ದು ಒಳ್ಳೆಯ ಕೆಂಗಂದು ಮಣ್ಣು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತೆ, ಹೀಗೇ ಬರಲಿ ಎಂದು. ಸ್ವಲ್ಪ ಕೆಳಗಿಳಿದಂತೆ ಬಣ್ಣ ಕಪ್ಪಾಯಿತು. ಕಚೋ ಮಾಸ್ಕು ಕೆಳಗೆಳೆದು ಮಣ್ಣಿಗೆ ಮೂಗು ಹತ್ತಿರ ತಂದರು. ನನಗೆ ಮಾಸ್ಕಿನೊಳಗಿಂದಲೇ ಹಳೆಯ ಎಣ್ಣೆಯ ನಾತ ಹೊಡೆದಿತ್ತು.

ಗೆದ್ದವರ ಮುಖವಾಗಿರಲಿಲ್ಲ ಅದು. ಒದ್ದೆ ಹುಲ್ಲಿನ ಮೇಲೆ ಹಾಗೇ ಕುಸಿದು ಕೂತರು. “ಇದೊಂದು ಚಿಂತೆ ಆದ್ರೂ ಸುಳ್ಳಾಗಬಾರದಿತ್ತಾ, ನಾಗ-ಸಾನ್?” ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ಆ ವರ್ಷವೇ ಅವರನ್ನು ಮಣ್ಣಿನ ಮಾದರಿಗಳನ್ನು ಇಡುವ ಗೋದಾಮಿಗೆ ಹಾಕಿದರು. ಹುದ್ದೆ ಹೋಯಿತು, ಆದರೂ ನಾವೆಲ್ಲ ಕಚೋ ಎಂದೇ ಕರೆದೆವು. ನನ್ನ ಕರಾರು ಉಳಿಯಿತು. ಸಭೆಯ ಹಿಂದಿನ ದಿನವೇ ಅವರು ಯಜಮಾನರ ಬಳಿ ಹೋಗಿ, ಫೋನಿನಲ್ಲಿ ಕೇಳಿದ್ದು, ಸುತ್ತು ಹಾಕಿದ್ದು ಎಲ್ಲ ತಾನೊಬ್ಬಳೇ, ನಾಗ-ಸಾನ್‌ಗೆ ಏನೂ ಗೊತ್ತಿಲ್ಲ ಎಂದಿದ್ದರಂತೆ. ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ. ಫೋನ್ ಮಾಡಿ ಜಗಳವಾಡಿದೆ. “ಆ ಕಡೆ ಮಳೆ ಜೋರಾಗಿದೆಯಂತೆ, ಮಗು ಛತ್ರಿ ತಗೊಂಡು ಹೋಗಿದ್ದಾಳಾ?” ಎಂದು ಮಾತು ತಿರುಗಿಸಿದರು.

ವರ್ಷದ ಕೊನೆಯಲ್ಲಿ ಹೊಸವರ್ಷದ ಶುಭಾಶಯದ ಬದಲು, ಸಾವಾದ ಮನೆಗಳಿಂದ ಬೂದುಬಣ್ಣದ ಅಂಚಿನ ಕಾರ್ಡು ಬರುತ್ತದೆ, ಈ ಸಲ ನಮಗೆ ಶುಭಾಶಯ ಕಳಿಸಬೇಡಿ ಎಂದು. ಹೋದ ಡಿಸೆಂಬರಿನಲ್ಲಿ ಅವರ ತಮ್ಮನಿಂದ ಅಂಥದ್ದೊಂದು ಬಂತು. ಕಚೋ ಬೇಸಗೆಯಲ್ಲೇ ಕ್ಯಾನ್ಸರಿನಿಂದ ಹೋಗಿದ್ದರು. ಯಾರಿಗೂ ತೊಂದರೆ ಕೊಡಬಾರದೆಂದು ಹೇಳಿದ್ದರಂತೆ. ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ಮನೆಯ ಬಾಗಿಲಿಗೆ ಕಿತ್ತಳೆ ನೇತುಹಾಕಲು ಅಷ್ಟು ದೂರ ಬಂದವರು, ನನಗೆ ಒಂದು ಸಲ ಹೋಗಿ ನೋಡುವ ಅವಕಾಶ ಕೊಡಲಿಲ್ಲ.

ಆ ಗುಂಡಿಯ ಮಣ್ಣನ್ನೆಲ್ಲ ಅಗೆದು ಸಾಗಿಸಿ, ಹೊಸ ಮಣ್ಣು ತುಂಬಿ, ಮತ್ತೆ ಮತ್ತೆ ಪರೀಕ್ಷಿಸಿ, ಎರಡು ವರ್ಷ ತಡವಾಗಿ ಈ ಏಪ್ರಿಲ್‌ನಲ್ಲಿ ಶಿಶುವಿಹಾರ ತೆರೆಯಿತು. ಪಕ್ಕದ ಬಾವಿಯ ನೀರು ನೋಡಿಬರುವ ಕೆಲಸ ನನ್ನದು. ಅಲ್ಲಿನ ತಾಯಂದಿರು ತಡವಾದದ್ದಕ್ಕೆ ಈಗಲೂ ಗೊಣಗುತ್ತಾರೆ. ಯಾರು ತಡಮಾಡಿಸಿದ್ದು ಎಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. ಬರದೇ ಹೋದ ಕಾಯಿಲೆಗೆ ಯಾರು ತಾನೇ ಕೃತಜ್ಞತೆ ಹೇಳುತ್ತಾರೆ?

ಮೊನ್ನೆ ನೀರು ತೆಗೆದು ಬಾಟಲಿಯ ಮುಚ್ಚಳ ತಿರುಗಿಸುತ್ತಿ‌ದ್ದಾಗ, ಬೇಲಿಯಾಚೆ ಹಳದಿ ಟೋಪಿಯ ಪುಟ್ಟ ಹುಡುಗಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದಳು. ನೋಡನೋಡುತ್ತಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಟೀಚರ್ ಕಿರುಚಿಕೊಂಡು ಓಡಿಬಂದು ಅವಳ ಬಾಯಿಗೆ ಬೆರಳು ಹಾಕಿ ತೆಗೆಯತೊಡಗಿದರು. ಅದರಲ್ಲಿ ಏನಿದೆ, ಏನಿಲ್ಲ ಎಂದು ಆ ಬಯಲಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹುಡುಗಿ ಹಲ್ಲಿನ ತುಂಬ ಮಣ್ಣು ಮಾಡಿಕೊಂಡು ನನ್ನನ್ನು ನೋಡಿ ನಕ್ಕಳು. ನನಗೆ ಭಯವಾಗಲಿಲ್ಲ.